ಮದುವೆ ಮುಗೀಲಿ ಅಂತ ಕಾಯಬ್ಯಾಡ್ರಿ

ಪ್ರಶ್ನೆ: ಮೇಡಂ, ನನಗೆ 46, ಊರು ದಾವಣಗೆರೆ. ಎಡಗಡೆ ಎದೆ ತೊಟ್ಟು ಒಳಗೆ ಎಳ್ಕೊಂಡಂಗೆ ಆಗೈತೆ, ಮುಂಚೆ ಹಿಂಗಿರ್ಲಿಲ್ಲ. ಗಂಟು ಸಿಗಲ್ಲ, ನೋವೂ ಇಲ್ಲ. ನೋವಿಲ್ಲ ಅಂದ್ರೆ ಏನೂ ಇರಲ್ಲ ಬಿಡು ಅಂತಾಳೆ ನಮ್ಮ ನೆಗೆಣ್ಣಿ. ಮಗಳ ಮದುವೆ ಮೂರು ತಿಂಗಳಿಗೆ ಐತೆ, ಈಗ ಆಸ್ಪತ್ರೆಗೆ ಓಡಾಡಿದ್ರೆ ಬೀಗರು ಏನಂತಾರೋ. ಮದುವೆ ಆದ್ಮೇಲೆ ತೋರಿಸಿದ್ರೆ ನಡೆಯುತ್ತಾ?

ಉತ್ತರ: ಇಲ್ಲ ಅಕ್ಕಾ, ನಡೆಯಲ್ಲ. ಈ ವಾರಾನೇ ಹೋಗ್ರಿ.

ನಿಮ್ಮ ನೆಗೆಣ್ಣಿ ಒಳ್ಳೇ ಮನಸ್ಸಿಂದಾನೇ ಹೇಳಿರ್ತಾರೆ, ಆದ್ರೆ ಆ ಮಾತು ತಪ್ಪು. ಮುಟ್ಟಿಗೆ ಮುಂಚೆ ಎರಡೂ ಕಡೆ ಭಾರ ಆಗಿ ನೋಯೋದು ಬಹಳ ಸಲ ಹಾರ್ಮೋನಿಂದ, ಮುಟ್ಟಾದ್ಮೇಲೆ ಇಳಿದುಹೋಗುತ್ತೆ, ಆದ್ರೆ ಎದೆ ಕ್ಯಾನ್ಸರ್ ಶುರುನಲ್ಲಿ ನೋಯದೇ ಇರೋದೇ ಜಾಸ್ತಿ. ಹುಡುಗಿಯಾಗಿದ್ದಾಗಿಂದ ತೊಟ್ಟು ಒಳಗೇ ಇರೋರು ಬೇಕಾದಷ್ಟು ಜನ ಇದಾರೆ, ಅದು ಬೇರೆ ಲೆಕ್ಕ. ಈ ವಯಸ್ಸಲ್ಲಿ ಒಂದೇ ಕಡೆ ಹೊಸದಾಗಿ ಎಳ್ಕೊಂಡ್ರೆ ಕೈಗೆ ಗಂಟು ಸಿಗದಿದ್ರೂ ತೋರಿಸ್ಲೇಬೇಕು. ಚರ್ಮ ಕಿತ್ತಳೆ ಸಿಪ್ಪೆ ಥರ ಆಗೋದು, ಗುಳಿ ಬೀಳೋದು, ತೊಟ್ಟಿಂದ ರಕ್ತ ಬರೋದು, ಕಂಕುಳಲ್ಲಿ ಗಂಟು, ಇವಕ್ಕೂ ಅಷ್ಟೇ. ಹಂಗಂತ ಕ್ಯಾನ್ಸರೇ ಅಂತ ಈಗ್ಲೇ ಅಳ್ತಾ ಕೂರಬ್ಯಾಡ್ರಿ, ಹಾಲಿನ ನಾಳ ಅಗಲ ಆಗಿ ಬಾವು ಬಂದ್ರೂ ತೊಟ್ಟು ಹಿಂಗೇ ಆಗುತ್ತೆ. ಯಾವುದು ಅಂತ ಟೆಸ್ಟ್ ಮಾಡಿದೋರೇ ಹೇಳ್ಬೇಕು.

ಚಿಗಟೇರಿ ಆಸ್ಪತ್ರೆಗೋ ಬಾಪೂಜಿಗೋ ಹೋಗ್ರಿ, ಚೀಟಿ ಮಾಡಿಸುವಾಗ ಸರ್ಜರಿ ಓಪಿಡಿ ಅಂತ ಹೇಳ್ರಿ, ನಮ್ಮ ಹೆಣ್ಮಕ್ಕಳು ಹೆರಿಗೆ ಡಾಕ್ಟ್ರ ಬಾಗಿಲಲ್ಲಿ ಕೂತು ಅರ್ಧ ದಿನ ಕಳೀತಾರೆ, ಎದೆ ನೋಡೋದು ಸಾಮಾನ್ಯವಾಗಿ ಸರ್ಜನ್ನು. (ಸರ್ಜರಿ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಆಪರೇಷನ್ ಅಂತಲ್ಲ ಮತ್ತೆ!) ಲೇಡಿ ಡಾಕ್ಟ್ರು ಇದಾರಾ ಕೇಳ್ರಿ, ಇಲ್ಲಾಂದ್ರೆ ಸಿಸ್ಟರ್ ಪಕ್ಕದಲ್ಲಿರಲಿ ಅನ್ರಿ. ಮೊದ್ಲು ಕೈಯಲ್ಲಿ ನೋಡ್ತಾರೆ. ಆಮೇಲೆ ಮ್ಯಾಮೊಗ್ರಾಮ್, ಎರಡು ಪ್ಲೇಟ್ ನಡುವೆ ಒತ್ತಿ ತೆಗೆಯೋ ಎಕ್ಸ್‌ರೇ ಅದು, ಸ್ವಲ್ಪ ಹೊತ್ತು ಹಿಂಸೆ ಆಗುತ್ತೆ ಅಷ್ಟೇ, ಜೊತೆಗೆ ಸ್ಕ್ಯಾನಿಂಗೂ ಹೇಳ್ಬಹುದು. ಡೌಟ್ ಬಂದ್ರೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ, ಅಂದ್ರೆ ಲ್ಯಾಬಲ್ಲಿ ಪರೀಕ್ಷೆಗೆ, ಕಳಿಸ್ತಾರೆ. ಸೂಜಿ ತಾಗಿದ್ರೆ ರೋಗ ಮೈಯೆಲ್ಲಾ ಹರಡುತ್ತೆ ಅಂತ ಹೇಳೋರು ಸಿಕ್ಕೇ ಸಿಗ್ತಾರೆ, ಆ ಮಾತು ಕಿವಿಗೆ ಹಾಕ್ಕೋಬ್ಯಾಡ್ರಿ.

ಇನ್ನು ಮದುವೆ. ಜವಳಿ, ಬಂಗಾರ ಅಂತ ಹೆಂಗೂ ಪೇಟೆ ಸುತ್ತುತೀರಿ, ಅದ್ರಲ್ಲೇ ಒಂದೆರಡು ಬೆಳಗ್ಗೆ ಇದಕ್ಕೆ ಇಡ್ರಿ. ಬೀಗರಿಗೆ ಯಾಕ್ರೀ ಹೇಳ್ಬೇಕು? ಮನೆಯೋರಿಗೆ ಹೇಳ್ರಿ ಸಾಕು. ಏನೂ ಇಲ್ಲ ಅಂದ್ರೆ ನಿಶ್ಚಿಂತೆಯಿಂದ ಧಾರೆ ಎರೀತೀರಿ. ಇದ್ರೂನೂ ಬೇಗ ಗೊತ್ತಾದ್ರೆ ಎದೆ ಪೂರ್ತಿ ತೆಗೀದೆ ಗಂಟಿರೋ ಭಾಗ ಅಷ್ಟೇ ತೆಗೆಯೋ ದಾರಿ ಸಿಗ್ಬಹುದು, ಮದುವೆ ಡೇಟ್ ಡಾಕ್ಟ್ರಿಗೆ ಹೇಳಿದ್ರೆ ಅದನ್ನೂ ನೋಡ್ಕೊಂಡೇ ಪ್ಲಾನ್ ಮಾಡ್ತಾರೆ. ದುಡ್ಡಿನ ಚಿಂತೆ ಇದ್ರೆ ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ, ಬಿಪಿಎಲ್ ಕುಟುಂಬಕ್ಕೆ ಸರ್ಕಾರದ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ಐತೆ.

ಒಬ್ರೇ ಹೋಗಬ್ಯಾಡ್ರಿ, ಆ ನೆಗೆಣ್ಣಿನೇ ಕರ್ಕೊಂಡು ಹೋಗ್ರಿ. ಅವರಿಗೂ ವಯಸ್ಸು ನಲವತ್ತು ದಾಟಿದ್ರೆ ಅವರದ್ದೂ ಒಂದು ಚೀಟಿ ಮಾಡಿಸ್ರಿ.