ಪವರ್ ಬ್ಯಾಂಕ್ ದೊಡ್ಡದಾದಷ್ಟೂ ಒಳ್ಳೆಯದೇ? ಪ್ರಯಾಣದ ಸಾಮಾನಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೊದಲ ಬಾರಿ ದೂರದ ವಿಮಾನ ಪ್ರಯಾಣ ಮಾಡುತ್ತಿದ್ದೇನೆ. 30,000 ಎಂಎಎಚ್ ಪವರ್ ಬ್ಯಾಂಕ್ ನೋಡಿಟ್ಟಿದ್ದೇನೆ. ಕೈಯಲ್ಲಿ ಹೊರುವ ಬದಲು ಚೆಕ್-ಇನ್ ಬ್ಯಾಗಿನಲ್ಲಿ ಹಾಕಿಬಿಡಬಹುದೇ?

ಉತ್ತರ: ಖಂಡಿತ ಹಾಕಬೇಡಿ. ಪವರ್ ಬ್ಯಾಂಕ್ ಯಾವ ವಿಮಾನದಲ್ಲೂ ಚೆಕ್-ಇನ್ ಬ್ಯಾಗಿಗೆ ಹೋಗುವಂತಿಲ್ಲ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಒಳಗೊಳಗೇ ಶಾರ್ಟ್ ಆಗಿ ಬಿಸಿಯೇರಿದರೆ ಆ ಶಾಖ ಪಕ್ಕದ ಸೆಲ್ಲನ್ನೂ ಹೊತ್ತಿಸುತ್ತದೆ. ಕ್ಯಾಬಿನ್‌ನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ಓಡಿಬರುತ್ತಾರೆ. ಕೆಳಗಿನ ಸರಕಿನ ಭಾಗದಲ್ಲಿ ಹಾಗಾದರೆ ಅಲ್ಲಿಗೆ ಹೋಗಿ ಆರಿಸುವವರು ಯಾರೂ ಇರುವುದಿಲ್ಲ.

ಇನ್ನು ಗಾತ್ರ. ವಿಮಾನಯಾನ ಸಂಸ್ಥೆಗಳು ನೋಡುವುದು ಎಂಎಎಚ್ ಅಲ್ಲ, ವ್ಯಾಟ್-ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿ. ಎಂಎಎಚ್ ಅನ್ನು ಸೆಲ್ಲಿನ ವೋಲ್ಟೇಜಿನಿಂದ, ಅಂದರೆ ಸಾಮಾನ್ಯವಾಗಿ 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ ಅದು ಸಿಗುತ್ತದೆ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ನೀವು ನೋಡಿಟ್ಟಿರುವುದು 111. ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100. ಅಲ್ಲಿಂದ 160ರವರೆಗೆ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದಕ್ಕೆ ಪ್ರವೇಶವೇ ಇಲ್ಲ. ಈ ಸಂಖ್ಯೆ ಪವರ್ ಬ್ಯಾಂಕಿನ ಮೈಮೇಲೆ ಓದುವಂತೆ ಅಚ್ಚಾಗಿರಬೇಕು. ಅಕ್ಷರ ಅಳಿಸಿಹೋದ ಹಳೆಯದನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರೆ ವಾದ ಮಾಡಿ ಪ್ರಯೋಜನವಿಲ್ಲ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ಮೊದಲೇ ಹೊತ್ತಿ ಉರಿಯಿತು. ತಲೆಮೇಲಿನ ಖಾನೆಯಲ್ಲಿದ್ದ ಪವರ್ ಬ್ಯಾಂಕೇ ಕಾರಣವಿರಬಹುದು ಎಂದು ತನಿಖೆ ಹೇಳಿತು. ಆಮೇಲೆ ನಿಯಮಗಳು ಬಿಗಿಯಾದವು. ಆ ಖಾನೆಯಲ್ಲಿ ಇಡಬೇಡಿ, ಸೀಟಿನ ಹತ್ತಿರ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ ಎನ್ನುವ ಸಂಸ್ಥೆಗಳು ಈಗ ಹಲವು. ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ವಿಮಾನದೊಳಗೆ ಅದರ ಬಳಕೆಯನ್ನೇ ನಿಲ್ಲಿಸಿದೆ, ಒಯ್ಯಲು ಮಾತ್ರ ಬಿಡುತ್ತದೆ. ಹಾಗಾಗಿ ಟಿಕೆಟ್ ಕೊಟ್ಟ ಸಂಸ್ಥೆಯ ನಿಯಮ ಓದಿಯೇ ಖರೀದಿಸಿ.

ನನ್ನನ್ನು ಕೇಳಿದರೆ 10,000 ಎಂಎಎಚ್ ಧಾರಾಳ ಸಾಕು. ಪೆಟ್ಟಿಗೆಯ ಮೇಲೆ ಬರೆದಷ್ಟೂ ಫೋನಿಗೆ ಸೇರುವುದಿಲ್ಲ. ವೋಲ್ಟೇಜ್ ಬದಲಾಗುವಾಗ ಒಂದು ಪಾಲು ಬಿಸಿಯಾಗಿ ಸೋರಿಹೋಗುತ್ತದೆ. ಆದರೂ 5,000 ಎಂಎಎಚ್ ಬ್ಯಾಟರಿಯ ಫೋನನ್ನು ಹೆಚ್ಚುಕಡಿಮೆ ಒಂದೂವರೆ ಸಲ ತುಂಬಿಸುತ್ತದೆ. ರಾತ್ರಿ ಹೇಗೂ ಗೋಡೆಯ ಸಾಕೆಟ್ ಸಿಗುತ್ತದಲ್ಲ.

ಪ್ರಶ್ನೆ: ಎಲ್ಲ ದೇಶಕ್ಕೂ ಆಗುವ ಯೂನಿವರ್ಸಲ್ ಅಡಾಪ್ಟರ್ ಇದ್ದರೆ ಹೇರ್ ಡ್ರೈಯರ್ ಕೂಡ ಒಯ್ಯಬಹುದೇ?

ಉತ್ತರ: ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ. ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ನಿಮ್ಮ ಫೋನ್ ಚಾರ್ಜರಿನ ಬೆನ್ನು ತಿರುಗಿಸಿ ನೋಡಿ. ಇರುವೆಯಂಥ ಅಕ್ಷರದಲ್ಲಿ ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್ ಎಂದಿರುತ್ತದೆ. ಹಾಗಿದ್ದರೆ ಅಡಾಪ್ಟರ್ ಒಂದಿದ್ದರೆ ಆಯಿತು. ಡ್ರೈಯರಿನ ಮೇಲೆ ಸಾಮಾನ್ಯವಾಗಿ ಒಂದೇ ವೋಲ್ಟೇಜ್ ಇರುತ್ತದೆ. 120 ವೋಲ್ಟಿನದನ್ನು 230ಕ್ಕೆ ಚುಚ್ಚಿದರೆ ನಾಲ್ಕು ಪಟ್ಟಿಗೆ ಹತ್ತಿರದಷ್ಟು ವಿದ್ಯುತ್ ನುಗ್ಗಿ ಸುಟ್ಟುಹೋಗುತ್ತದೆ. ಉಲ್ಟಾ ಮಾಡಿದರೆ ಉಗುರು ಬೆಚ್ಚಗಿನ ಗಾಳಿ. ಅದಕ್ಕೆಂದೇ ವೋಲ್ಟೇಜ್ ಬದಲಿಸುವ ಕನ್ವರ್ಟರ್ ಹೊರುವ ಬದಲು ಡ್ರೈಯರನ್ನು ಮನೆಯಲ್ಲೇ ಬಿಡಿ.

ಯೂನಿವರ್ಸಲ್ ಅಡಾಪ್ಟರ್ ನನಗೆ ಅಷ್ಟಾಗಿ ಇಷ್ಟವಿಲ್ಲ. ದಪ್ಪ ಇಟ್ಟಿಗೆಯಂಥ ಆ ಡಬ್ಬಿಯನ್ನು ಸ್ವಲ್ಪ ಸಡಿಲವಾದ ಸಾಕೆಟ್ಟಿಗೆ ಸಿಕ್ಕಿಸಿದರೆ ಅದರ ಭಾರಕ್ಕೇ ಮುಂದಕ್ಕೆ ಬಾಗಿ ಸಂಪರ್ಕ ತಪ್ಪುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಫೋನ್ ಚಾರ್ಜೇ ಆಗಿರುವುದಿಲ್ಲ. ಒಂದೇ ದೇಶಕ್ಕೆ ಹೋಗುವವರು ಆ ದೇಶದ ಪಿನ್ನಿನ ಚಿಕ್ಕ ಅಡಾಪ್ಟರ್ ಒಂದನ್ನು ಕೊಂಡು, ಜೊತೆಗೆ ಎರಡು ಮೂರು ಪೋರ್ಟ್ ಇರುವ ಒಂದೇ ಚಾರ್ಜರ್ ಇಟ್ಟುಕೊಳ್ಳಲಿ. 65 ವ್ಯಾಟ್‌ನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿ ಚಿಕ್ಕದಾಗಿಸಿದ) ಚಾರ್ಜರ್ ಫೋನಿನ ಜೊತೆ ಯುಎಸ್‌ಬಿ-ಸಿ ಇರುವ ಸಾಧಾರಣ ಲ್ಯಾಪ್‌ಟಾಪನ್ನೂ ನಿಭಾಯಿಸುತ್ತದೆ.

ಪ್ರಶ್ನೆ: ಕತ್ತಿನ ದಿಂಬು ಹಾಕಿಕೊಂಡರೂ ಇಳಿಯುವಾಗ ಕತ್ತು ಹಿಡಿದುಕೊಂಡಿರುತ್ತದೆ. ಬೇರೆ ಯಾವುದು ಕೊಳ್ಳಲಿ?

ಉತ್ತರ: ಕೊಳ್ಳುವ ಮೊದಲು ಇರುವುದನ್ನೇ ತಿರುಗಿಸಿ ಹಾಕಿ ನೋಡಿ. ಯು ಆಕಾರದ ದಿಂಬಿನ ದಪ್ಪ ಭಾಗ ಹಿಂದೆ ಬಂದರೆ ತಲೆಯನ್ನು ಮುಂದಕ್ಕೆ ನೂಕುತ್ತದೆ, ನಿದ್ದೆ ಹತ್ತಿದ ಮೇಲೆ ಗಲ್ಲ ಎದೆಗೆ ಬೀಳುತ್ತದೆ. ದಿಂಬಿನ ತೆರೆದ ಬದಿ ಹಿಂದಕ್ಕೆ ಬರುವಂತೆ ಹಾಕಿಕೊಂಡರೆ ಗಲ್ಲಕ್ಕೆ ಆಸರೆ ಸಿಗುತ್ತದೆ. ನೋಡಲು ವಿಚಿತ್ರ, ಇರಲಿ, ಆ ಹೊತ್ತಿನಲ್ಲಿ ನಿಮ್ಮನ್ನು ನೋಡುವವರು ಯಾರು? ಗಾಳಿ ತುಂಬುವ ದಿಂಬಾದರೆ ನೆಲದ ಮೇಲೆ ಗಟ್ಟಿಯಾಗಿ ಊದಬೇಡಿ. ವಿಮಾನ ಮೇಲೇರಿದಾಗ ಕ್ಯಾಬಿನ್ನಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಒಳಗಿನ ಗಾಳಿ ಹಿಗ್ಗಿ ದಿಂಬು ಕಲ್ಲಾಗುತ್ತದೆ. ಮುಕ್ಕಾಲು ತುಂಬಿಸಿದರೆ ಹದ.

ಪ್ರಶ್ನೆ: ಆರ್‌ಎಫ್‌ಐಡಿ ಪರ್ಸ್, ಟಿಎಸ್‌ಎ ಬೀಗ, ಪ್ಯಾಕಿಂಗ್ ಕ್ಯೂಬ್, ತೂಕದ ಮಾಪಕ. ಇವುಗಳಲ್ಲಿ ಯಾವುದು ಬೇಕು?

ಉತ್ತರ: ಕಾರ್ಡಿನ ಮಾಹಿತಿಯನ್ನು ರೇಡಿಯೊ ಸಿಗ್ನಲ್ ಮೂಲಕ ದೂರದಿಂದ ಕದಿಯದಂತೆ ತಡೆಯುವ ಆರ್‌ಎಫ್‌ಐಡಿ ಪರ್ಸ್ ಬೇಡ. ಪ್ರಯಾಣದಲ್ಲಿ ಕಾರ್ಡಿಗೆ ಅಪಾಯ ಬರುವುದು ಬಹುತೇಕ ಜೇಬುಗಳ್ಳರಿಂದ, ಗಾಳಿಯಲ್ಲಿ ಹಾರುವ ಸಿಗ್ನಲ್‌ನಿಂದಲ್ಲ.

ಟಿಎಸ್‌ಎ ಬೀಗ, ಅಂದರೆ ಅಮೆರಿಕದ ವಿಮಾನ ತಪಾಸಣಾ ಅಧಿಕಾರಿಗಳು ತಮ್ಮ ಮಾಸ್ಟರ್ ಕೀಯಿಂದ ತೆರೆಯಬಲ್ಲ ಬೀಗ, ಇದ್ದರೆ ಇರಲಿ, ನಂಬಿ ಒಡವೆ ಇಡಬೇಡಿ. ಆ ಮಾಸ್ಟರ್ ಕೀಗಳ ಫೋಟೊ ಪತ್ರಿಕೆಯೊಂದರಲ್ಲಿ ಬಂದು, 2015ರ ಹೊತ್ತಿಗೆ ಜನ ಅದನ್ನು ನೋಡಿಯೇ ತ್ರೀಡಿ ಪ್ರಿಂಟರಿನಲ್ಲಿ ಕೀ ಮಾಡಿಕೊಂಡರು. ಸಾಲದ್ದಕ್ಕೆ, ಸಾಧಾರಣ ಜಿಪ್ಪನ್ನು ಬಾಲ್‌ಪೆನ್ನಿನ ತುದಿ ಒತ್ತಿಯೂ ಬಿಡಿಸಬಹುದು. ದಾರಿಯಲ್ಲಿ ಜಿಪ್ ತಾನಾಗಿ ತೆರೆದುಕೊಳ್ಳದಂತೆ ತಡೆಯುವುದೇ ಬೀಗದ ನಿಜವಾದ ಕೆಲಸ.

ಬಟ್ಟೆ ಬೇರೆಬೇರೆ ಇಡುವ ಜಿಪ್ಪಿನ ಚಿಕ್ಕ ಚೀಲಗಳಾದ ಪ್ಯಾಕಿಂಗ್ ಕ್ಯೂಬ್‌ಗಳು ಮಕ್ಕಳಿರುವವರಿಗೆ ಒಳ್ಳೆಯವು, ಒಬ್ಬೊಬ್ಬರ ಬಟ್ಟೆಗೆ ಒಂದೊಂದು ಬಣ್ಣ. ಆದರೆ ಬಟ್ಟೆಯನ್ನು ಹಿಂಡಿ ಚಿಕ್ಕದು ಮಾಡುವ ಕ್ಯೂಬ್ ಜಾಗ ಉಳಿಸುತ್ತದೆ, ತೂಕ ಉಳಿಸುವುದಿಲ್ಲ. ಉಳಿದ ಜಾಗಕ್ಕೆ ಮತ್ತೆ ಬಟ್ಟೆ ತುರುಕಿ ಕೌಂಟರ್ ಮುಂದೆ ನಿಂತು ಬಿಚ್ಚುವವರನ್ನು ನೀವೂ ನೋಡಿರುತ್ತೀರಿ.

ಕೊಳ್ಳುವುದಾದರೆ ಕೊಕ್ಕೆಗೆ ಬ್ಯಾಗ್ ನೇತುಹಾಕುವ ಚಿಕ್ಕ ಮಾಪಕ ಕೊಳ್ಳಿ. ಮನೆಯಿಂದ ಹೊರಡುವಾಗ ಅದು ಬೇಕೆಂದೇನಿಲ್ಲ. ಮೈತೂಕದ ಯಂತ್ರದ ಮೇಲೆ ಬ್ಯಾಗ್ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆದರೆ ಸಾಕು. ಕೊಕ್ಕೆಯ ಮಾಪಕ ಉಪಯೋಗಕ್ಕೆ ಬರುವುದು ವಾಪಸ್ ಬರುವಾಗ, ಹೋಟೆಲ್ ಕೋಣೆಯಲ್ಲಿ.