ಬ್ಲೂಮ್ ಹಾಕಿದ ಮೇಲೆ ಪರದೆಯೆಲ್ಲ ಬೆಳ್ಳಗಾಗುತ್ತಿದ್ದರೆ

ನಿಮ್ಮ ಗೇಮ್‌ನಲ್ಲಿ ಬ್ಲೂಮ್ (ಹೊಳೆಯುವ ವಸ್ತುವಿನ ಸುತ್ತ ಬೆಳಕು ಹರಡಿದ ಹಾಗೆ ತೋರಿಸುವ ಎಫೆಕ್ಟ್) ಹಾಕಿದ ಕೂಡಲೇ ಗೋಡೆ, ನೆಲ ಎಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತಿದೆ, ಸೆಕೆಂಡಿಗೆ 60 ಇದ್ದ ಫ್ರೇಮ್ ರೇಟ್ 35ಕ್ಕೆ ಬಿತ್ತು ಅಂತ ಕೇಳಿದ್ದೀರಿ. ಇವು ಎರಡೂ ಬೇರೆ ಬೇರೆ ತೊಂದರೆ. ನೀವು ಹಾಕಿದ ಕೋಡ್ ನೋಡಿದೆ. ದೃಶ್ಯವನ್ನು 8 ಬಿಟ್ ಬಫರ್‌ಗೆ (ಚಿತ್ರವನ್ನು ಸದ್ಯಕ್ಕೆ ಇಟ್ಟುಕೊಳ್ಳುವ ಮೆಮೊರಿ) ಬರೆಯುತ್ತಿದ್ದೀರಿ, ಮೊದಲ ತಪ್ಪು ಅಲ್ಲೇ ಇದೆ.

ದೀಪದ ಹೊಳಪು 8.0, ಬಿಳಿ ಗೋಡೆಯದ್ದು 0.9 ಅಂದುಕೊಳ್ಳಿ. 8 ಬಿಟ್ ಬಫರ್‌ನಲ್ಲಿ 1.0ಕ್ಕಿಂತ ಮೇಲಿನದಕ್ಕೆ ಜಾಗವೇ ಇಲ್ಲ. ದೀಪವೂ 1.0ಕ್ಕೆ ಇಳಿಯುತ್ತೆ. ಇನ್ನು ದೀಪ ಯಾವುದು, ಗೋಡೆ ಯಾವುದು ಅಂತ ಶೇಡರ್‌ಗೆ (ಪಿಕ್ಸೆಲ್‌ನ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್) ಹೇಗೆ ಗೊತ್ತಾಗಬೇಕು? ಇದಕ್ಕಿಂತ ಹೊಳೆಯುವುದಕ್ಕೆ ಮಾತ್ರ ಬ್ಲೂಮ್ ಅನ್ನುವ ಮಿತಿಯನ್ನು ನೀವು 0.8 ಇಟ್ಟಿದ್ದೀರಿ, ಗೋಡೆಯೂ ಉರಿಯುತ್ತೆ. ಬಫರನ್ನು 16 ಬಿಟ್ ಫ್ಲೋಟ್ ಮಾಡಿ, ಅದರಲ್ಲಿ 1.0ಕ್ಕಿಂತ ದೊಡ್ಡ ಸಂಖ್ಯೆಯೂ ಹಿಡಿಸುತ್ತೆ. ನನ್ನ ಕೇಳಿದರೆ ಮಿತಿಯೇ ಬೇಡ. ಮಸುಕು ಮಾಡಿದ ಚಿತ್ರವನ್ನು ಮೂಲದ ಜೊತೆ ನೂರಕ್ಕೆ ನಾಲ್ಕೈದು ಪಾಲು ಬೆರೆಸಿ ಸಾಕು. ಬೆರೆಸಿ ಅಂದೆ, ಸುಮ್ನೆ ಮೇಲೆ ಕೂಡಿಸೋದಲ್ಲ. 8.0 ಇರುವ ದೀಪ ಆಗ ತಾನಾಗೇ ಹೊಳೆಯುತ್ತೆ.

ಇನ್ನು ವೇಗ. 31×31 ಪಿಕ್ಸೆಲ್‌ನ ಬ್ಲರ್ (ಮಸುಕು ಮಾಡೋದು) ಅನ್ನು ಒಂದೇ ಸಲಕ್ಕೆ ಮಾಡುತ್ತಿದ್ದೀರಿ. ಪ್ರತಿ ಪಿಕ್ಸೆಲ್‌ಗೆ 961 ಸಲ ಟೆಕ್ಸ್‌ಚರ್ (ಬಫರ್‌ನಲ್ಲಿರುವ ಚಿತ್ರ) ಓದಬೇಕು. 1920×1080ರಲ್ಲಿ ಪಿಕ್ಸೆಲ್‌ಗಳೇ 20 ಲಕ್ಷ ದಾಟುತ್ತವೆ, 60 ಬೇಕಿದ್ದರೆ ಒಂದು ಫ್ರೇಮ್‌ಗೆ ಇರುವ ಸಮಯ 16.6 ಮಿಲಿಸೆಕೆಂಡ್. ಗಾಸಿಯನ್ (ನಡುವಿಗೆ ಹೆಚ್ಚು, ಅಂಚಿಗೆ ಹೋದ ಹಾಗೆ ಕಡಿಮೆ ತೂಕ ಕೊಡುವ ಬ್ಲರ್) ಆಗಿದ್ದರೆ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಮಾಡಿ, 31 + 31 = 62 ಸಲ ಓದಿದರೆ ಮುಗಿಯುತ್ತೆ. ಅದಕ್ಕಿಂತ ಒಳ್ಳೆಯದು, ಚಿತ್ರವನ್ನು ಅರ್ಧ, ಅದರ ಅರ್ಧ ಅಂತ ಐದಾರು ಸಲ ಚಿಕ್ಕದು ಮಾಡುತ್ತಾ ಹೋಗಿ, ಮತ್ತೆ ಒಂದೊಂದೇ ಮೆಟ್ಟಿಲು ದೊಡ್ಡದು ಮಾಡಿ ಸೇರಿಸುತ್ತಾ ಬನ್ನಿ. ಮೊದಲ ಮೆಟ್ಟಿಲಲ್ಲೇ ಪಿಕ್ಸೆಲ್ ಕಾಲು ಭಾಗಕ್ಕೆ ಇಳಿಯುತ್ತೆ. 2014ರ ಸಿಗ್ರಾಫ್‌ನಲ್ಲಿ (ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ) ಗ್ರಾಫಿಕ್ಸ್ ತಜ್ಞ ಹೋರ್ಹೆ ಹಿಮೆನೆಜ್ ವಿವರಿಸಿದ ವಿಧಾನದಲ್ಲಿ ಚಿಕ್ಕದು ಮಾಡುವಾಗ 13 ಸ್ಯಾಂಪಲ್ ಸಾಕು. ನಾನು ಅದನ್ನೇ ಬಳಸುತ್ತೇನೆ.

ಕ್ರಮವೂ ತಪ್ಪಿದೆ. ನೀವು ಟೋನ್ ಮ್ಯಾಪಿಂಗ್ (ಹೊಳಪನ್ನು ಪರದೆ ತೋರಿಸಬಲ್ಲ 0ರಿಂದ 1ರ ಒಳಗೆ ತರುವುದು) ಆದ ಮೇಲೆ ಬ್ಲೂಮ್ ಹಾಕಿದ್ದೀರಿ. ಹಾಗಿದ್ದರೆ 16 ಬಿಟ್ ಬಫರ್ ತಂದೂ ಪ್ರಯೋಜನವಿಲ್ಲ. ಬ್ಲೂಮ್ ಮೊದಲು, ಆಮೇಲೆ ಟೋನ್ ಮ್ಯಾಪಿಂಗ್, ಆಮೇಲೆ ಎಫ್‌ಎಕ್ಸ್‌ಎಎ (ಮೆಟ್ಟಿಲಾದ ಅಂಚುಗಳನ್ನು ನಯ ಮಾಡುವ ಫಿಲ್ಟರ್). ಗ್ರೇನ್ (ಫಿಲ್ಮ್‌ನಂತಹ ಸಣ್ಣ ಚುಕ್ಕಿಗಳು) ಬೇಕಿದ್ದರೆ ಅದರ ನಂತರ, ಇಲ್ಲದಿದ್ದರೆ ಎಫ್‌ಎಕ್ಸ್‌ಎಎ ಗ್ರೇನನ್ನೇ ಅಂಚು ಅಂದುಕೊಂಡು ಒರೆಸಿಬಿಡುತ್ತೆ. ಸ್ಕೋರು, ಬಟನ್ನು ಎಲ್ಲ ಕಟ್ಟಕಡೆಗೆ ಬರೆಯಿರಿ.

16 ಬಿಟ್‌ಗೆ ಬಂದ ಮೇಲೆ ಒಂದು ಹೊಸ ಕಾಟ ಶುರುವಾಗಬಹುದು. ನನಗೆ ಎರಡು ಸಂಜೆ ತಿಂದಿತ್ತು. ಕ್ಯಾಮೆರಾ ಒಂದು ಮೂಲೆಗೆ ತಿರುಗಿದರೆ ಸಾಕು, ಪರದೆಯಲ್ಲಿ ದೊಡ್ಡ ಕಪ್ಪು ಚೌಕ ಬಂದು ಮಿನುಗುತ್ತಿತ್ತು. ಬ್ಲೂಮ್ ತೆಗೆದರೆ ಮಾಯ. ಬೈದದ್ದೆಲ್ಲ ಬ್ಲೂಮ್‌ಗೇ. ಕೊನೆಗೆ ರೆಂಡರ್‌ಡಾಕ್‌ನಲ್ಲಿ (ಗ್ರಾಫಿಕ್ಸ್ ತಪ್ಪು ಹುಡುಕುವ ಟೂಲ್) ಒಂದೊಂದೇ ಬಫರ್ ತೆಗೆದು ನೋಡಿದಾಗ ಮೂಲ ಚಿತ್ರದಲ್ಲೇ ಒಂದೇ ಒಂದು ಪಿಕ್ಸೆಲ್ ನ್ಯಾನ್ (NaN, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ) ಆಗಿತ್ತು. ಲೈಟಿಂಗ್ ಶೇಡರ್‌ನಲ್ಲಿ ಋಣ ಸಂಖ್ಯೆಗೆ ಪವ್ (pow, ಘಾತ ತೆಗೆಯುವ ಫಂಕ್ಷನ್) ಹಾಕಿದ್ದೆ. ಬ್ಲರ್ ಆ ಒಂದು ಚುಕ್ಕಿಯನ್ನು ಸುತ್ತಲಿನವಕ್ಕೆಲ್ಲ ಹಂಚಿತ್ತು. ಪವ್‌ಗೆ ಮೊದಲು ಮ್ಯಾಕ್ಸ್ (max, ಎರಡರಲ್ಲಿ ದೊಡ್ಡದನ್ನು ಕೊಡುವ ಫಂಕ್ಷನ್) ಹಾಕಿ ಸೊನ್ನೆಗಿಂತ ಕೆಳಗೆ ಹೋಗದ ಹಾಗೆ ಮಾಡಿದೆ, ಚೌಕ ಹೋಯಿತು. ನಿಮ್ಮ ಕೋಡ್‌ನ ಸ್ಪೆಕ್ಯುಲರ್ (ಮೇಲ್ಮೈಯ ಮಿಂಚು ಲೆಕ್ಕ ಹಾಕುವ) ಸಾಲಿನಲ್ಲೂ ಆ ಮ್ಯಾಕ್ಸ್ ಕಾಣಲಿಲ್ಲ, ಈಗಲೇ ಸೇರಿಸಿಬಿಡಿ.