ದುಡ್ಡು ಕೊಟ್ಟ ಮೇಲೂ ಯಾಕೆ ಹೀಗೆ ಮಾತಾಡ್ತಾರೆ ಅಂತ ಕೇಳಿದ್ದೀರಿ

ನಮಸ್ಕಾರ. ನಿಮ್ಮ ಪತ್ರ ಓದಿ ಬೇಜಾರಾಯಿತು. ಮೈಸೂರು ಬಿಟ್ಟು ಮ್ಯೂನಿಕ್‌ಗೆ ಬಂದು ನಾಲ್ಕು ತಿಂಗಳಾಗಿದೆ. ಮೊದಲ ಸಲ ಮನೆಯವರನ್ನು, ಮಗನನ್ನು ಕರೆದುಕೊಂಡು ಒಂದು ಚಾಕೊಲೇಟ್ ಫ್ಯಾಕ್ಟರಿ ನೋಡಲು ಹೋಗಿದ್ದೀರಿ. ಮಕ್ಕಳು ತಾವೇ ಚಾಕೊಲೇಟ್ ಮಾಡಬಹುದು ಅಂತ ಟಿಕೆಟ್‌ನಲ್ಲೇ ಬರೆದಿತ್ತು. ಅಲ್ಲಿ ಹೋದರೆ ಕೌಂಟರಿನಲ್ಲಿದ್ದಾಕೆ "ಜಾಗ ಇಲ್ಲ" ಅಂದು ನಿಮ್ಮ ಹಿಂದಿನವರನ್ನು ಕರೆದರು. ವಾಪಸ್ ಬರುವಾಗ ರೈಲಿನಲ್ಲಿ ನಿಮ್ಮ ಮನೆಯವರು ಅತ್ತುಬಿಟ್ಟರು. "ನಾವು ಹೊರಗಿನವರು ಅಂತ ಹೀಗಾ? ನೀವೆಲ್ಲ ಇಷ್ಟು ವರ್ಷ ಹೇಗೆ ಇದ್ದೀರಿ?" ಅಂತ ಕೇಳಿದ್ದೀರಿ.

ಇದು ಸಣ್ಣ ವಿಷಯ, ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ವಾರವಿಡೀ ದುಡಿದು, ಮಗುವಿಗೆ ಆಸೆ ತೋರಿಸಿ, ಮೂವರ ಟಿಕೆಟ್ ತೆಗೆದು ಹೋದಾಗ ಹಾಗೆ ಮುಖ ತಿರುಗಿಸಿದರೆ ಯಾರಿಗಾದರೂ ಸಂಕಟವಾಗುತ್ತದೆ. ನಮಗೂ ಆಗಿದೆ. ಅದನ್ನು ಹೇಳಿದರೆ ನಿಮಗೆ ಅನುಕೂಲ ಆಗಬಹುದು ಅನಿಸುತ್ತದೆ.

ಅತ್ತೆ ಮಾವ ಊರಿಂದ ಬಂದಿದ್ದರು. ನಮ್ಮದು ತಿಪಟೂರು ಕಡೆಯ ಹಳ್ಳಿ. ಮಾವ ಜೀವನಪೂರ್ತಿ ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕಿದವರು. ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು ಅನ್ನೋದು ಅವರ ದಿನದ ಮೊದಲ ಮಾತು. ಅವರಿಗೆ ಕೋಟೆ, ಅರಮನೆ ನೋಡುವ ಆಸೆ ಇರಲಿಲ್ಲ. "ಇಲ್ಲಿನವರು ಅಷ್ಟೊಂದು ಹಾಲು ಏನ್ ಮಾಡ್ತಾರೆ, ಅದನ್ನ ತೋರಿಸ್ರಪ್ಪ" ಅಂದರು. ಮ್ಯೂನಿಕ್‌ನಿಂದ ನೈಋತ್ಯಕ್ಕೆ ಆಲ್ಪ್ಸ್ ತಪ್ಪಲಲ್ಲಿ ಆಲ್‌ಗಾಯ್ ಅಂತ ಒಂದು ಸೀಮೆ ಇದೆ. ಪೂರ್ತಿ ಹಸು, ಹುಲ್ಲುಗಾವಲು, ಚೀಸ್. ಅಲ್ಲಿನ ಒಂದು ಚೀಸ್ ಫ್ಯಾಕ್ಟರಿಗೆ ಆನ್‌ಲೈನಿನಲ್ಲಿ ಬುಕ್ ಮಾಡಿದೆವು. ಹೆಸರು ಬೇಡ. ಮಧ್ಯಾಹ್ನ ಎರಡು ಗಂಟೆಯ ಟೂರ್, ಇಂಗ್ಲಿಷ್ ವಿವರಣೆ, ಕೊನೆಗೆ ರುಚಿ ನೋಡಲು ಚೀಸ್ ತಟ್ಟೆ. ವೆಬ್‌ಸೈಟಿನಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆ, ಹಬೆ, ಬಿಳಿ ಟೋಪಿಯವರು ಮೊಸರಿನಂಥ ಗಟ್ಟಿ ಹಾಲನ್ನು ಕತ್ತರಿಸುತ್ತಿರುವ ಫೋಟೋ ಇತ್ತು.

ಹೋಗಿ ನೋಡಿದರೆ ಕೊಪ್ಪರಿಗೆ ಖಾಲಿ. ತೊಳೆದು, ಒರೆಸಿ, ಒಣಗಿಸಿ ಇಟ್ಟಿದ್ದರು. ಹಾಲು ಬರುವುದು ಬೆಳಗಿನ ಜಾವ. ಹೆಪ್ಪು ಹಾಕಿ, ಕತ್ತರಿಸಿ, ಬಿಸಿ ಮಾಡಿ, ಅಚ್ಚಿಗೆ ಸುರಿದು ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಎರಡು ಗಂಟೆಯ ಟಿಕೆಟ್ ಮಾರುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಅದನ್ನು ವೆಬ್‌ಸೈಟಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನಗೆ ಇವತ್ತಿಗೂ ಕೋಪ ಇರುವುದು ಅದಕ್ಕೇ.

ಮಾವ ಕೊಪ್ಪರಿಗೆ ಹತ್ತಿರ ಹೋಗಿ ಅಂಚಿನ ಮೇಲೆ ಬೆರಳಾಡಿಸಿದರು. ಬಗ್ಗಿ ಮೂಸಿ ನೋಡಿದರು. "ಇವತ್ತು ಹಾಲು ಬಂದಿಲ್ವಾ?" ಅಂತ ಕೇಳಿದರು. ನಮ್ಮ ಯಜಮಾನರು ಅದನ್ನು ಜರ್ಮನ್‌ನಲ್ಲಿ ಕೇಳಿದಾಗ ಟೂರ್ ಮಾಡಿಸುತ್ತಿದ್ದವರು "ಮುಟ್ಟಬಾರದು" ಅಂತ ಮಾತ್ರ ಹೇಳಿದರು. ವಿವರಣೆಯೂ ಇಂಗ್ಲಿಷಿನಲ್ಲಿ ಇರಲಿಲ್ಲ, ಆ ಕಡೆಯ ಆಡುಭಾಷೆಯಲ್ಲಿ ಇತ್ತು. ನಮಗೇ ಅರ್ಧ ತಿಳಿಯಲಿಲ್ಲ. ಮಾವ ಮತ್ತೆ ಕೇಳಿದರು: ಇಲ್ಲಿಯ ಹಾಲಿಗೆ ಫ್ಯಾಟ್ ಎಷ್ಟು ಬರುತ್ತದೆ, ರೈತನಿಗೆ ಲೀಟರಿಗೆ ಏನು ಕೊಡುತ್ತಾರೆ? ಆತ ಗಡಿಯಾರ ನೋಡಿ ಬಾಗಿಲು ತೋರಿಸಿದರು.

ಆಮೇಲೆ ತಟ್ಟೆ. ಅತ್ತೆ ಪೂರ್ತಿ ಸಸ್ಯಾಹಾರಿ. ಇಲ್ಲಿ ಗಟ್ಟಿ ಚೀಸಿಗೆ ಹಾಕುವ ಹೆಪ್ಪು ಬಹಳ ಸಲ ಎಳೆಗರುವಿನ ಹೊಟ್ಟೆಯಿಂದ ಬರುತ್ತದೆ. ಅದಕ್ಕೆ ಲಾಬ್ ಅನ್ನುತ್ತಾರೆ. ಯಾವ ಚೀಸಿಗೆ ಯಾವ ಲಾಬ್ ಅಂತ ಕೇಳಿದೆ. "ಇದು ಚೀಸ್, ಇದರಲ್ಲಿ ಮಾಂಸ ಇಲ್ಲ" ಅಂದು ಆತ ಹೊರಟೇಹೋದರು. ಅತ್ತೆ ತಟ್ಟೆಯನ್ನು ಮೆಲ್ಲಗೆ ಮೊಮ್ಮಗಳ ಕಡೆ ಸರಿಸಿ ಬರೀ ಬ್ರೆಡ್ ತಿಂದರು. ಮಂಡಿನೋವು ಅಂತ ಅಲ್ಲೇ ಇದ್ದ ಬೆಂಚಿನ ಮೇಲೆ ಕೂರಲು ಹೋದರೆ ಅದು ಊಟಕ್ಕೆ ಆರ್ಡರ್ ಮಾಡಿದವರಿಗೆ ಮಾತ್ರ ಅಂದರು.

ಈಗ ನಿಮ್ಮ ಪ್ರಶ್ನೆ. ಬಣ್ಣ ನೋಡಿ ಹೀಗೆ ಮಾಡಿದರಾ? ಹಾಗೆ ಮಾಡುವವರು ಇಲ್ಲಿ ಇದ್ದಾರೆ, ನಿಮಗೂ ಒಂದಲ್ಲ ಒಂದು ದಿನ ಎದುರಾಗಬಹುದು. ಆದರೆ ಆ ದಿನ ನಮ್ಮ ಗುಂಪಿನಲ್ಲಿ ಒಬ್ಬ ಜರ್ಮನ್ ಅಜ್ಜಿ ಇದ್ದರು. ಕೂರಬೇಕು ಅಂದಾಗ ಅವರಿಗೂ ಅದೇ ಉತ್ತರ ಸಿಕ್ಕಿತು. ಅವರು ದೊಡ್ಡ ದನಿಯಲ್ಲಿ ಜಗಳ ಮಾಡಿ ಕೂತರು, ನಾವು ಮಾಡಲಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾಗಿ ನಾನು ಮೊದಲು ಮುಂದಿನವರಿಗೆ, ಹಿಂದಿನವರಿಗೆ ಹೇಗೆ ಉತ್ತರ ಕೊಡುತ್ತಾರೆ ಅಂತ ನೋಡುತ್ತೇನೆ. ಎಲ್ಲರಿಗೂ ಒರಟಾಗಿದ್ದರೆ ಅದು ಆ ಅಂಗಡಿಯ ಕೊರತೆ. ನಮಗೆ ಮಾತ್ರ ಒರಟಾಗಿದ್ದರೆ ಸುಮ್ಮನಿರಬಾರದು. ಅಂಥ ತಾರತಮ್ಯ ತಡೆಯಲು ಇಲ್ಲಿ 2006ರಿಂದ ಕಾನೂನು ಇದೆ. ಜರ್ಮನಿಯ ಕೇಂದ್ರ ಸರ್ಕಾರದ ತಾರತಮ್ಯ ವಿರೋಧಿ ಕಚೇರಿ ದುಡ್ಡು ತೆಗೆದುಕೊಳ್ಳದೆ ಸಲಹೆ ಕೊಡುತ್ತದೆ. ದೂರಿಗೆ ಸಮಯದ ಮಿತಿ ಇದೆ, ತಡ ಮಾಡಬಾರದು.

ಇನ್ನೊಂದು ವಿಷಯ ಗೊತ್ತಿರಲಿ. ನಮ್ಮೂರ ಹೋಟೆಲಿನಲ್ಲಿ ನೀರು ಇಡಲು ಒಬ್ಬರು, ಆರ್ಡರ್ ತೆಗೆದುಕೊಳ್ಳಲು ಒಬ್ಬರು, ಟೇಬಲ್ ಒರೆಸಲು ಒಬ್ಬರು ಇರುತ್ತಾರೆ. ಇಲ್ಲಿ ಅಷ್ಟಕ್ಕೂ ಸೇರಿ ಒಬ್ಬರೇ ಇರುವುದು ಮಾಮೂಲು. ಆ ಫ್ಯಾಕ್ಟರಿಯಲ್ಲಿ ಟಿಕೆಟ್ ಕೊಟ್ಟವರೂ ಆತನೇ, ಟೂರ್ ಮಾಡಿಸಿದವರೂ ಆತನೇ, ತಟ್ಟೆ ತಂದವರೂ ಆತನೇ. ಅವರಿಗೆ ಕೆಲಸದ ಗಂಟೆ ಗಟ್ಟಿ. ಐದು ಗಂಟೆಗೆ ಬಾಗಿಲು ಹಾಕುತ್ತೇವೆ ಅಂದರೆ ಐದಕ್ಕೆ ಹಾಕುತ್ತಾರೆ. ಭಾನುವಾರ ಅಂಗಡಿ ಮುಚ್ಚಿರುವುದೂ ದುಡಿಯುವವರಿಗೆ ಬಿಡುವು ಸಿಗಲಿ ಅಂತಲೇ. ನಾಳೆ ನಿಮ್ಮ ಮನೆಯವರು ಇಲ್ಲಿ ಕೆಲಸಕ್ಕೆ ಸೇರಿದರೆ ಅದೇ ರಕ್ಷಣೆ ಅವರಿಗೂ ಸಿಗುತ್ತದೆ. ಇದು ನನಗೆ ಇಷ್ಟವಾದ ವ್ಯವಸ್ಥೆ, ಅದನ್ನು ಬಿಟ್ಟುಕೊಡಿ ಅಂತ ನಾನು ಕೇಳಲ್ಲ. ಆದರೆ ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬರನ್ನು ಇಟ್ಟು ಮಾಲೀಕರು ಉಳಿಸುವ ದುಡ್ಡಿಗೆ ಬೆಲೆ ತೆರುವವರು ನಿಮ್ಮ ಮಗನಂಥವರು, ನಮ್ಮ ಮಾವನಂಥವರು. ಸಿಡುಕು ಮುಖದಾಕೆಯ ಮೇಲೆ ಸಿಟ್ಟು ಮಾಡಿಕೊಂಡರೆ ಮಾಲೀಕರಿಗೆ ತಾಕುವುದೇ ಇಲ್ಲ. ಅವರಿಗೆ ತಾಕಬೇಕಾದರೆ ಬರೆದು ಕೇಳಬೇಕು.

ನಾವು ಬರೆದೆವು. ಕೌಂಟರಿನಲ್ಲಿ ಹೇಳಿದ ಮಾತು ಅಲ್ಲೇ ಮುಗಿಯುತ್ತದೆ, ಮೇಲ್ ಉಳಿಯುತ್ತದೆ. ಬುಕಿಂಗ್ ನಂಬರ್, ದಿನಾಂಕ, ಸಮಯ ಹಾಕಿದೆವು. ವೆಬ್‌ಸೈಟಿನಲ್ಲಿ ಇಂಗ್ಲಿಷ್ ವಿವರಣೆ ಅಂತ ಇದ್ದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಜೊತೆಗೆ ಕಳಿಸಿದೆವು. ಖಾಲಿ ಕೊಪ್ಪರಿಗೆಯ ಫೋಟೋ ಕಳಿಸಿದೆವು. ಆತನ ನಡತೆ ಬಗ್ಗೆ ಒಂದೇ ಸಾಲು, ಉಳಿದದ್ದೆಲ್ಲ ಮಾತು ಕೊಟ್ಟು ಕೊಡದೇ ಇದ್ದದ್ದರ ಬಗ್ಗೆ. ಕೊನೆಗೆ "ಎರಡು ವಾರದೊಳಗೆ, ಈ ತಾರೀಖಿನ ಒಳಗೆ ದುಡ್ಡು ವಾಪಸ್ ಮಾಡಿ" ಅಂತ ತಾರೀಖು ಬರೆದೆವು. ಆ ತಾರೀಖು ಮುಖ್ಯ. ಅದಿಲ್ಲದ ಮೇಲ್‌ಗೆ ಇಲ್ಲಿ ಉತ್ತರ ಬರುವುದು ಕಷ್ಟ. ಟೂರಿನ ದುಡ್ಡು ಪೂರ್ತಿ ಬಂತು, ತಟ್ಟೆಯದು ಬರಲಿಲ್ಲ. ಕ್ಷಮಿಸಿ ಅಂತ ಒಂದು ಮಾತೂ ಅನ್ನಲಿಲ್ಲ. ಮಾವನ ದಿನ ಹಾಳಾದದ್ದಕ್ಕೆ ಆ ದುಡ್ಡು ಸಾಟಿ ಆಗುವುದಿಲ್ಲ. ಆದರೂ ಕೇಳಿದ್ದು ಒಳ್ಳೆಯದಾಯಿತು. ಆಮೇಲೆ ನೋಡಿದರೆ ಅವರ ವೆಬ್‌ಸೈಟಿನಲ್ಲಿ ಚೀಸ್ ಮಾಡುವುದನ್ನು ನೋಡಲು ಬೆಳಗ್ಗೆ ಬನ್ನಿ ಅಂತ ಸೇರಿಸಿದ್ದರು.

ನೀವೂ ಇವತ್ತೇ ಬರೆಯಿರಿ. ಒಂದು ಎಚ್ಚರ ಇರಲಿ. ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದಲ್ಲಿ ವಾಪಸ್ ಮಾಡಬಹುದು ಅಂತ ಯಾರಾದರೂ ಹೇಳಿರುತ್ತಾರೆ. ಬಟ್ಟೆ, ಬೂಟಿಗೆ ಅದು ಸರಿ. ದಿನ, ಸಮಯ ಗೊತ್ತು ಮಾಡಿದ ಇಂಥ ಟಿಕೆಟ್‌ಗೆ ಆ ಅನುಕೂಲ ಇಲ್ಲ. ಮನಸ್ಸು ಬದಲಾಯಿತು ಅಂತ ಕೇಳಿದರೆ ಕೊಡುವುದಿಲ್ಲ. ಆದರೆ ನಿಮ್ಮ ವಿಷಯ ಬೇರೆ. ಮಗ ಚಾಕೊಲೇಟ್ ಮಾಡಬಹುದು ಅಂತ ಟಿಕೆಟ್‌ನಲ್ಲಿ ಬರೆದು, ದುಡ್ಡು ತೆಗೆದುಕೊಂಡು, ಮಾಡಿಸಲಿಲ್ಲ. ಕೊಡದೇ ಇದ್ದದ್ದಕ್ಕೆ ದುಡ್ಡು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ತಾರೀಖು ದಾಟಿದರೂ ಉತ್ತರ ಬರದಿದ್ದರೆ ಫೆರ್‌ಬ್ರೌಖರ್‌ಟ್ಸೆಂಟ್ರಾಲೆ ಅನ್ನುವ ಗ್ರಾಹಕರ ಸಲಹಾ ಕೇಂದ್ರಕ್ಕೆ ಹೋಗಿ. 16 ರಾಜ್ಯಗಳಲ್ಲೂ ಇದೆ. ಸಲಹೆಗೆ ಶುಲ್ಕ ಇರಬಹುದು, ಮೊದಲೇ ಕೇಳಿಕೊಳ್ಳಿ.

ತಿನ್ನುವ ವಿಷಯಕ್ಕೆ ಬಂದರೆ, ನೀವು ಸಸ್ಯಾಹಾರಿಗಳಾದರೆ ಕೌಂಟರಿನವರ ಮಾತು ನಂಬಿಕೊಂಡು ಕೂರಬೇಡಿ. ಚೀಸಿನ ಪ್ಯಾಕೆಟ್ ಮೇಲೆ ಲಾಬ್ ಯಾವುದು ಅಂತ ಬರೆಯಲೇಬೇಕು ಅನ್ನುವ ನಿಯಮ ಇಲ್ಲ. "ಮಿಕ್ರೋಬಿಯೆಲ್ಲೆಸ್ ಲಾಬ್", ಅಂದರೆ ಸೂಕ್ಷ್ಮಜೀವಿಗಳಿಂದ ಮಾಡಿದ ಹೆಪ್ಪು ಅಂತ ಇದ್ದರೆ ತಿನ್ನಬಹುದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನದ್ದೇ ಹಾಕಬೇಕು ಅನ್ನುವುದು ಕಾನೂನು, ಹಾಗಾಗಿ ಅದನ್ನು ಬಿಟ್ಟುಬಿಡಿ. ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ ಗೆಲಟೀನ್ ಇರುತ್ತದೆ, ಇಲ್ಲಿ ಅದು ಬಹಳ ಸಲ ಹಂದಿಯದು. ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಹಂಚುವುದು ಅದನ್ನೇ. ಮಗನಿಗೆ ಈಗಲೇ ಹೇಳಿಕೊಡಿ.

ಮಗನಿಗೆ ಚಾಕೊಲೇಟ್ ಆಗುವುದನ್ನು ನೋಡಲೇಬೇಕು ಅಂತಿದ್ದರೆ ಕಲೋನ್‌ನ ಚಾಕೊಲೇಟ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ರೈನ್ ನದಿ ದಡದಲ್ಲೇ ಇದೆ, 1993ರಲ್ಲಿ ಶುರುವಾದದ್ದು. ಗಾಜಿನ ಆ ಕಡೆ ಸಣ್ಣ ಯಂತ್ರಗಳು ನಿಜವಾಗಿಯೂ ಓಡುತ್ತವೆ, ಅಚ್ಚಿನಿಂದ ಚಾಕೊಲೇಟ್ ಬೀಳುವುದು ಕಾಣುತ್ತದೆ. ಮೂರು ಮೀಟರ್ ಎತ್ತರದ ಚಾಕೊಲೇಟ್ ಕಾರಂಜಿಯಲ್ಲಿ ಬಿಸ್ಕತ್ ಅದ್ದಿ ಕೈಗೆ ಕೊಡುತ್ತಾರೆ. ದೂರ ಜಾಸ್ತಿ, ಒಂದು ರಾತ್ರಿ ಅಲ್ಲೇ ಉಳಿಯುವ ಹಾಗೆ ಹೋಗಿ.

ಊರಿಂದ ಅಪ್ಪ ಅಮ್ಮ ಬಂದಾಗ ಚೀಸ್ ತೋರಿಸಬೇಕಾದರೆ ಶನಿವಾರ ಹೋಗಿ. ಬಯರ್ನ್ ಟಿಕೆಟ್ ಅಂತ ಒಂದು ದಿನದ ರೈಲು ಟಿಕೆಟ್ ಇದೆ, ಐದು ಜನರವರೆಗೆ ಒಟ್ಟಿಗೆ ಹೋಗಬಹುದು. ವಾರದ ದಿನ ಅದು ನಡೆಯುವುದು ಬೆಳಗ್ಗೆ ಒಂಬತ್ತರ ನಂತರ. ಅಷ್ಟರಲ್ಲಿ ಕೊಪ್ಪರಿಗೆ ಕೆಲಸ ಅರ್ಧ ಮುಗಿದಿರುತ್ತದೆ. ಶನಿವಾರ, ಭಾನುವಾರ ಆ ಕಟ್ಟು ಇಲ್ಲ, ಮೊದಲ ರೈಲಿಗೇ ಹೊರಡಬಹುದು. ಹೊರಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಹಾಲು ಎಷ್ಟು ಹೊತ್ತಿಗೆ ಕಾಯಿಸುತ್ತೀರಿ, ಲಾಬ್ ಯಾವುದು.

ಫ್ಯಾಕ್ಟರಿ ಬೇಡ ಅನಿಸಿದರೆ ಇನ್ನೂ ಒಳ್ಳೆಯದು ಇದೆ. ಬೇಸಿಗೆಯಲ್ಲಿ ಆಲ್‌ಗಾಯ್‌ನವರು ದನಗಳನ್ನು ಬೆಟ್ಟದ ಮೇಲೆ ಮೇಯಲು ಬಿಡುತ್ತಾರೆ. ಅಲ್ಲಿನ ಕೆಲವು ಮರದ ಮನೆಗಳಲ್ಲಿ ಆಯಾ ದಿನದ ಹಾಲಿನಿಂದ ಅಲ್ಲೇ ಚೀಸ್ ಮಾಡುತ್ತಾರೆ. ಮುಂದಿನ ಸಲ ಬಂದಾಗ ಮಾವನನ್ನು ಅಂಥ ಒಂದು ಜಾಗಕ್ಕೆ ಕರೆದುಕೊಂಡು ಹೋದೆವು. ಆ ಮನೆಯಾಕೆ ಮಾವನ ಪ್ರಶ್ನೆಗೆ ಕೈಸನ್ನೆಯಲ್ಲೇ ಉತ್ತರ ಕೊಟ್ಟರು. ಒಂದು ಕೆ.ಜಿ. ಎಮೆಂಟಾಲ್ ಚೀಸಿಗೆ ಸುಮಾರು 12 ಲೀಟರ್ ಹಾಲು ಬೇಕು ಅಂತ ಕೇಳಿ ಮಾವ "ಅಯ್ಯೋ, ಇಷ್ಟು ಹಾಲಾ!" ಅಂದರು. ಸೆಪ್ಟೆಂಬರ್ ಮಧ್ಯದಲ್ಲಿ ಆ ದನಗಳು ಗಂಟೆ ಕಟ್ಟಿಕೊಂಡು ಇಳಿದು ಬರುತ್ತವೆ, ಮುಂದೆ ನಡೆಯುವ ಹಸುವಿನ ತಲೆಗೆ ಹೂವಿನ ಅಲಂಕಾರ ಮಾಡಿರುತ್ತಾರೆ. ನಮ್ಮ ಸಂಕ್ರಾಂತಿಯ ದನಗಳ ಹಾಗೆ. ಫೀಶೈಡ್ ಅಂತ ಕರೆಯುತ್ತಾರೆ, ಊರಿಗೊಂದು ದಿನ. ವೀಸಾ 90 ದಿನದ್ದು ಸಿಕ್ಕರೆ ಅಪ್ಪ ಅಮ್ಮನನ್ನು ಜುಲೈ ಕೊನೆಗೆ ಕರೆಸಿಕೊಳ್ಳಿ, ಎರಡೂ ನೋಡಬಹುದು.

ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ಮೇಲ್ ಬರೆಯಲು ಜರ್ಮನ್ ಕಷ್ಟವಾದರೆ ಕನ್ನಡದಲ್ಲೇ ನನಗೆ ಕಳಿಸಿ. ನಮ್ಮ ಮಗಳು ಇಲ್ಲೇ ಓದಿದವಳು, ಸಂಜೆ ಕೂತು ಬರೆದು ಕೊಡುತ್ತಾಳೆ. ಟಿಕೆಟ್‌ನ ಫೋಟೋ ಮರೆಯದೆ ಹಾಕಿ.